ಚೆನ್ನಾಗಿದೆ ಎಂದರೆ ಸಾಲದು

(ಹವ್ಯಾಸಿ ಛಾಯಾಗ್ರಾಹಕರ ಮಾಸಿಕ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹವ್ಯಾಸಿ ಛಾಯಾಗ್ರಾಹಕರು ಸೇರುವ ಸಂಜೆಗಳಲ್ಲಿ ತಪ್ಪದೆ ನಡೆಯುವ ಒಂದು ಪ್ರಸಂಗವಿದೆ. ತಿಂಗಳಿಗೊಮ್ಮೆ ಹತ್ತಿಪ್ಪತ್ತು ಮಂದಿ ಒಂದು ಕೋಣೆಯಲ್ಲಿ ಕೂಡುತ್ತಾರೆ. ಹೊಸ ಸದಸ್ಯನೊಬ್ಬ ಚೀಲದಿಂದ ಒಂದು ಪ್ರಿಂಟ್ ತೆಗೆದು, ಸಂಕೋಚದಿಂದಲೇ ದೀಪದ ಕೆಳಗೆ ಇಡುತ್ತಾನೆ. ಒಂದು ಕ್ಷಣ ಮೌನ. ಆಮೇಲೆ ಹಿಂದಿನ ಸಾಲಿನಿಂದ ಯಾರೋ 'ಚೆನ್ನಾಗಿದೆ' ಎನ್ನುತ್ತಾರೆ. ಇನ್ನೊಬ್ಬರು 'ಹಿನ್ನೆಲೆ ಸರಿಯಿಲ್ಲ' ಎನ್ನುತ್ತಾರೆ. ಮೂರನೆಯವರು ಯಾವ ಕ್ಯಾಮೆರಾ, ಯಾವ ಲೆನ್ಸು ಎಂದು ವಿಚಾರಿಸುತ್ತಾರೆ. ಅಷ್ಟರಲ್ಲಿ ಮುಂದಿನ ಪ್ರಿಂಟ್ ಬಂದಿರುತ್ತದೆ. ಹೊಸಬ ತನ್ನ ಚಿತ್ರವನ್ನು ಮತ್ತೆ ಚೀಲಕ್ಕೆ ಸೇರಿಸಿ ಮನೆಗೆ ಹೋಗುತ್ತಾನೆ. ಬರುವಾಗ ಅವನಿಗೆ ಎಷ್ಟು ತಿಳಿದಿತ್ತೋ ಹೋಗುವಾಗಲೂ ಅಷ್ಟೇ ತಿಳಿದಿರುತ್ತದೆ.

ಇದು ಸಣ್ಣ ವಿಷಯದಂತೆ ತೋರಬಹುದು. ಆದರೆ ಹವ್ಯಾಸಿಯ ಸ್ಥಿತಿಯನ್ನು ಒಮ್ಮೆ ಯೋಚಿಸಬೇಕು. ವೃತ್ತಿನಿರತ ಛಾಯಾಗ್ರಾಹಕನ ಕೆಲಸವನ್ನು ಗಿರಾಕಿ ಒಪ್ಪುತ್ತಾನೆ ಅಥವಾ ಹಿಂದಕ್ಕೆ ಕಳಿಸುತ್ತಾನೆ. ಪತ್ರಿಕಾ ಛಾಯಾಗ್ರಾಹಕನಿಗೆ ಸಂಪಾದಕನಿರುತ್ತಾನೆ. ಹವ್ಯಾಸಿಗೆ ಇರುವುದು ಮನೆಯವರು ಮತ್ತು ಜೊತೆಯ ಹವ್ಯಾಸಿಗಳು ಮಾತ್ರ. ಮನೆಯವರು ಮೆಚ್ಚುವುದು ಪ್ರೀತಿಯಿಂದ. ಉಳಿದದ್ದು ಜೊತೆಯವರ ಮಾತು. ಅದು ಕೈಕೊಟ್ಟರೆ ಎರಡರಲ್ಲೊಂದು ಆಗುತ್ತದೆ. ಕಟುಮಾತಿಗೆ ಗುರಿಯಾದವನು ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾನೆ. ಬರೀ ಹೊಗಳಿಕೆ ಕೇಳಿದವನು ಒಂದೇ ಬಗೆಯ ಚಿತ್ರವನ್ನು ಇಪ್ಪತ್ತು ವರ್ಷ ತೆಗೆಯುತ್ತಾ ಹೋಗುತ್ತಾನೆ. ಮೊದಲನೆಯದು ಎಲ್ಲರ ಕಣ್ಣಿಗೆ ಬೀಳುತ್ತದೆ. ಎರಡನೆಯದು ಯಾರ ಗಮನಕ್ಕೂ ಬರುವುದಿಲ್ಲ. ನಷ್ಟ ಮಾತ್ರ ಎರಡರಲ್ಲೂ ಒಂದೇ.

ಸಂಘಗಳು ಹುಟ್ಟಿದ ಬಗೆ

ಹವ್ಯಾಸಿಗಳು ಒಟ್ಟಿಗೆ ಕುಳಿತು ಚಿತ್ರ ನೋಡುವ ಪದ್ಧತಿ ಛಾಯಾಗ್ರಹಣದಷ್ಟೇ ಹಳೆಯದೆನ್ನಬಹುದು. ಲಂಡನ್ನಿನ ಛಾಯಾಗ್ರಹಣ ಸಂಘ ಆರಂಭವಾದದ್ದು 1853ರಲ್ಲಿ. ಮರುವರ್ಷವೇ, ಅಂದರೆ 1854ರಲ್ಲಿ, ಮುಂಬಯಿಯಲ್ಲಿ ಅಂಥದೇ ಸಂಘ ಹುಟ್ಟಿತು. 1856ರಲ್ಲಿ ಕಲ್ಕತ್ತಾ ಮತ್ತು ಮದರಾಸುಗಳಲ್ಲೂ ಸಂಘಗಳು ಬಂದವು. ಸೈನ್ಯಾಧಿಕಾರಿಗಳು, ವೈದ್ಯರು, ಸರ್ಕಾರಿ ನೌಕರರು ಇವುಗಳ ಸದಸ್ಯರಾಗಿದ್ದರು. ಚಿತ್ರ ತೆಗೆಯುವುದು ಅವರ ಹೊಟ್ಟೆಪಾಡಾಗಿರಲಿಲ್ಲ.

ಕರ್ನಾಟಕದ ಮಟ್ಟಿಗೂ ಒಂದು ಹಳೆಯ ಉದಾಹರಣೆಯುಂಟು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಅಧಿಕಾರಿ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ದೇಗುಲಗಳನ್ನು ಚಿತ್ರಿಸಿದ. 1855ರಲ್ಲಿ ಮದರಾಸಿನಲ್ಲಿ ನಡೆದ ಪ್ರದರ್ಶನದಲ್ಲಿ ಆತ 68 ಚಿತ್ರಗಳನ್ನು ಇಟ್ಟ. ತೀರ್ಪುಗಾರರ ಮಂಡಳಿ ಕಾಗದದ ಮೇಲಿನ ದೃಶ್ಯಚಿತ್ರಗಳಲ್ಲಿ ಅವೇ ಅತ್ಯುತ್ತಮ ಸರಣಿ ಎಂದು ಸಾರಿತು. ಹೊಯ್ಸಳ ಶಿಲ್ಪದ ಛಾಯಾಚಿತ್ರಕ್ಕೆ ಸಿಕ್ಕ ಮೊದಮೊದಲ 'ಪ್ರತಿಕ್ರಿಯೆ'ಗಳಲ್ಲಿ ಇದೊಂದು.

ಆ ಕಾಲದ ಸಂಘಗಳ ಸಭೆಗಳಲ್ಲಿ ರಸಾಯನದ ಮಾತೇ ಹೆಚ್ಚು. ಗಾಜಿನ ಮೇಲೆ ಸವರಿದ ದ್ರಾವಣ ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಕಲೆ ಬಿತ್ತೆ, ಮಸುಕಾಯಿತೆ, ಧೂಳು ಕೂತಿತೆ, ಇವೇ ಪ್ರಶ್ನೆಗಳು. ಇಂಥ ದೋಷಗಳನ್ನು ಬೆರಳಿಟ್ಟು ತೋರಿಸುವುದು ಸುಲಭ. ಅವುಗಳ ಬಗ್ಗೆ ಭಿನ್ನಾಭಿಪ್ರಾಯಕ್ಕೂ ಎಡೆಯಿಲ್ಲ. ದೋಷ ಹುಡುಕುವುದೇ ವಿಮರ್ಶೆ ಎಂಬ ಅಭ್ಯಾಸದ ಬೇರು ಅಲ್ಲಿರಬೇಕು. ಒಣ ಪ್ಲೇಟು ಬಂತು, ಫಿಲಂ ಬಂತು, ಡಿಜಿಟಲ್ ಬಂತು. ಅಭ್ಯಾಸ ಮಾತ್ರ ಹೋಗಲಿಲ್ಲ. ಈ ಅಭ್ಯಾಸ ಎಲ್ಲಿ ಎಡವುತ್ತದೆ, ಎಲ್ಲಿ ದಾರಿ ತೋರುತ್ತದೆ ಎಂಬುದಕ್ಕೆ ಛಾಯಾಗ್ರಹಣದ ಚರಿತ್ರೆಯಲ್ಲಿ ಎರಡು ಪ್ರಸಂಗಗಳಿವೆ. ಎರಡೂ ಚಿತ್ರದ ಮಸುಕಿಗೆ ಸಂಬಂಧಿಸಿದವು ಎಂಬುದು ಕುತೂಹಲಕರ.

ಕೋಳಿಗೂಡಿನ ಸ್ಟುಡಿಯೊ

ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಹುಟ್ಟಿದ್ದು 1815ರಲ್ಲಿ, ಕಲ್ಕತ್ತಾದಲ್ಲಿ. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನೆಲೆಸಿದ್ದಾಗ, 1863ರ ಡಿಸೆಂಬರಿನಲ್ಲಿ, ಮಗಳು ಮತ್ತು ಅಳಿಯ ಆಕೆಗೊಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆಗ ಆಕೆಗೆ 48 ವರ್ಷ. ಕಲ್ಲಿದ್ದಲಿನ ಕೊಠಡಿಯನ್ನು ಕತ್ತಲ ಕೋಣೆ ಮಾಡಿಕೊಂಡರು. ಕೋಳಿಗೂಡನ್ನು ಸ್ಟುಡಿಯೊ ಮಾಡಿಕೊಂಡರು. ಮನೆಯ ಕೆಲಸದವಳಿಂದ ಹಿಡಿದು ಕವಿ ಟೆನಿಸನ್, ವಿಜ್ಞಾನಿ ಹರ್ಷೆಲ್ ತನಕ ಎಲ್ಲರನ್ನೂ ಕೂರಿಸಿ ಮುಖಚಿತ್ರ ತೆಗೆದರು. ಹತ್ತಿರದಿಂದ ತೆಗೆದ ದೊಡ್ಡ ಮುಖಗಳು, ಒಂದೇ ಕಡೆಯಿಂದ ಬಿದ್ದ ಬೆಳಕು, ಅಂಚುಗಳಲ್ಲಿ ಕರಗಿಹೋಗುವ ರೇಖೆಗಳು ಅವುಗಳ ಲಕ್ಷಣ.

1864ರಲ್ಲೇ ಆಕೆ ಲಂಡನ್ನಿನ ಸಂಘದ ಸದಸ್ಯೆಯಾದರು. ಆದರೆ ಸಂಘದ ವಲಯದಲ್ಲಿ ಚಿತ್ರಗಳಿಗೆ ಸಿಕ್ಕ ಸ್ವಾಗತ ತಣ್ಣಗಿತ್ತು. ಚಿತ್ರಗಳು ಫೋಕಸ್ಸಿನಲ್ಲಿಲ್ಲ, ಕೆಲಸದಲ್ಲಿ ಅಚ್ಚುಕಟ್ಟಿಲ್ಲ ಎಂದು ಅಲ್ಲಿನ ವಿಮರ್ಶಕರು ತಳ್ಳಿಹಾಕಿದರು. ಯಾವುದು ಸರಿಯಾದ ಫೋಕಸ್ ಎಂದು ತೀರ್ಮಾನಿಸುವ ಅಧಿಕಾರ ಯಾರಿಗಿದೆ ಎಂಬ ಅರ್ಥದಲ್ಲಿ ಆಕೆ ಹರ್ಷೆಲ್‌ಗೆ ಬರೆದ ಪತ್ರ ಪ್ರಸಿದ್ಧವಾಗಿದೆ. 1865ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ ಆಕೆಯ ಹಲವು ಚಿತ್ರಗಳನ್ನು ಕೊಂಡಿತು. ಬರ್ಲಿನ್ನಿನ ಪ್ರದರ್ಶನಗಳಲ್ಲಿ 1865ರಲ್ಲಿ ಕಂಚಿನ ಪದಕ, 1866ರಲ್ಲಿ ಚಿನ್ನದ ಪದಕ ಬಂತು.

ವಿಮರ್ಶಕರು ಎಡವಿದ್ದೆಲ್ಲಿ? ಅವರು ಕಂಡದ್ದು ಸುಳ್ಳಲ್ಲ. ಚಿತ್ರಗಳು ನಿಜವಾಗಿಯೂ ಮಸುಕಾಗಿದ್ದವು. ಆದರೆ ಅವರು ಚಿತ್ರವನ್ನು ನಿಯಮದ ಪಕ್ಕದಲ್ಲಿಟ್ಟು ಅಳೆದರು. ಚಿತ್ರ ಏನು ಮಾಡಲು ಹೊರಟಿದೆ, ಆ ಮಸುಕಿನಿಂದ ಮುಖಕ್ಕೆ ಏನು ಬಂತು ಎಂದು ಕೇಳಲಿಲ್ಲ. ಕೇಳಿದ್ದರೆ ಅದು ದೋಷವೋ ಆಯ್ಕೆಯೋ ಎಂಬುದು ತಿಳಿಯುತ್ತಿತ್ತು.

ಕತೆ ಅಲ್ಲಿಗೇ ಮುಗಿಯುವುದಿಲ್ಲ. ಆಕೆಯ ಗಾಜಿನ ನೆಗೆಟಿವ್‌ಗಳ ಮೇಲಿನ ಪದರ ಬಿರುಕು ಬಿಡತೊಡಗಿತು. 1869ರಲ್ಲಿ ಆಕೆ ಅದೇ ಸಂಘದ ಸದಸ್ಯರ ಮುಂದೆ ಆ ಸಮಸ್ಯೆಯನ್ನಿಟ್ಟು ಸಲಹೆ ಕೇಳಿದರು. ಫೋಕಸ್ಸಿನ ವಿಷಯದಲ್ಲಿ ಅವರ ಮಾತನ್ನು ಒಪ್ಪದವರು ರಸಾಯನದ ವಿಷಯದಲ್ಲಿ ಅವರ ಅನುಭವವನ್ನು ಬೇಡವೆನ್ನಲಿಲ್ಲ. ಸಲಹೆ ಸ್ವೀಕರಿಸುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಹುಲ್ಲು, ನೀರು, ಮರದ ತೊಗಟೆ

ಎರಡನೆಯ ಪ್ರಸಂಗ ಐವತ್ತು ವರ್ಷಗಳ ನಂತರ ನ್ಯೂಯಾರ್ಕಿನಲ್ಲಿ ನಡೆದದ್ದು. ಅಷ್ಟರಲ್ಲಿ ಕಾಲ ತಿರುಗಿತ್ತು. ಕ್ಯಾಮರನ್ ಕಾಲದಲ್ಲಿ ದೋಷವೆನಿಸಿದ್ದ ಮಸುಕು ಈಗ ಕಲಾತ್ಮಕ ಛಾಯಾಗ್ರಹಣದ ಗುರುತಾಗಿಬಿಟ್ಟಿತ್ತು. ಅದಕ್ಕೆಂದೇ ವಿಶೇಷ ಲೆನ್ಸುಗಳು ಬಂದಿದ್ದವು.

1890ರಲ್ಲಿ ಹುಟ್ಟಿದ ಪಾಲ್ ಸ್ಟ್ರ್ಯಾಂಡ್ ಶಾಲೆಯಲ್ಲಿದ್ದಾಗ, 1907ರಲ್ಲಿ, ಉಪಾಧ್ಯಾಯ ಲೂಯಿಸ್ ಹೈನ್ ತಮ್ಮ ವಿದ್ಯಾರ್ಥಿಗಳನ್ನು ಆಲ್‌ಫ್ರೆಡ್ ಸ್ಟಿಗ್ಲಿಟ್ಸ್ ನಡೆಸುತ್ತಿದ್ದ '291' ಎಂಬ ಪುಟ್ಟ ಗ್ಯಾಲರಿಗೆ ಕರೆದೊಯ್ದರು. ಮುಂದೆ ಸ್ಟ್ರ್ಯಾಂಡ್ ನ್ಯೂಯಾರ್ಕ್ ಕ್ಯಾಮೆರಾ ಕ್ಲಬ್ ಸೇರಿ ಅಲ್ಲಿನ ಕತ್ತಲ ಕೋಣೆಯಲ್ಲಿ ಕೆಲಸ ಕಲಿತರು. ಆಗಾಗ ಸ್ಟಿಗ್ಲಿಟ್ಸ್ ಬಳಿಗೆ ಚಿತ್ರಗಳನ್ನು ಒಯ್ದು ತೋರಿಸುತ್ತಿದ್ದರು. ಆ ದಿನಗಳಲ್ಲಿ ಅವರೂ ಮಸುಕು ಲೆನ್ಸಿನವರೇ.

ಒಮ್ಮೆ ಸ್ಟಿಗ್ಲಿಟ್ಸ್ ಆ ಚಿತ್ರಗಳನ್ನು ನೋಡಿ ಹೇಳಿದ್ದನ್ನು ಸ್ಟ್ರ್ಯಾಂಡ್ ಬಹುಕಾಲದ ನಂತರವೂ ನೆನೆಯುತ್ತಿದ್ದರು. ಮಾತಿನ ಸಾರ ಇಷ್ಟು: ಈ ಲೆನ್ಸು ಎಲ್ಲವನ್ನೂ ಒಂದೇ ವಸ್ತುವಿನಿಂದ ಮಾಡಿದಂತೆ ತೋರಿಸುತ್ತದೆ. ಹುಲ್ಲು ನೀರಿನಂತಿದೆ, ನೀರು ಮರದ ತೊಗಟೆಯಂತಿದೆ. ಒಂದು ವಸ್ತುವಿನಿಂದ ಇನ್ನೊಂದನ್ನು ಬೇರೆ ಮಾಡುವ ಗುಣವೇ ಕಳೆದುಹೋಗಿದೆ. ಲೆನ್ಸಿನ ಕಿಂಡಿಯನ್ನು ಚೆನ್ನಾಗಿ ಕಿರಿದುಮಾಡಿ ತೆಗೆದು ನೋಡಿ.

ಇಲ್ಲಿ 'ಮಸುಕು ತಪ್ಪು' ಎಂಬ ತೀರ್ಪಿಲ್ಲ. ಮಸುಕಿನಿಂದ ಈ ಚಿತ್ರ ಏನು ಕಳೆದುಕೊಂಡಿತು ಎಂಬ ವಿವರಣೆಯಿದೆ. ವಿವರಣೆಗೆ ಆಧಾರ ಎದುರಿಗಿರುವ ಚಿತ್ರದಲ್ಲೇ ಇದೆ. ಬೇಕಾದವರು ನೋಡಿ ಖಚಿತಪಡಿಸಿಕೊಳ್ಳಬಹುದು. ಕೊನೆಗೆ ನಾಳೆ ಬೆಳಿಗ್ಗೆಯೇ ಮಾಡಿ ನೋಡಬಹುದಾದ ಒಂದು ಕೆಲಸವಿದೆ. ಒಳ್ಳೆಯ ಪ್ರತಿಕ್ರಿಯೆಯ ಮೂರು ಅಂಗಗಳೂ ಈ ನಾಲ್ಕು ಮಾತುಗಳಲ್ಲಿ ಅಡಗಿವೆ.

ಸ್ಟ್ರ್ಯಾಂಡ್ ಆ ಮಾತನ್ನು ತೆಗೆದುಕೊಂಡರು. 1915ರಲ್ಲಿ ವಾಲ್ ಸ್ಟ್ರೀಟಿನ ಬ್ಯಾಂಕು ಕಟ್ಟಡದ ಕಪ್ಪು ಕಿಂಡಿಗಳ ಕೆಳಗೆ ನಡೆದುಹೋಗುವ ಪುಟ್ಟ ಮನುಷ್ಯರ ಚಿತ್ರ ತೆಗೆದರು. 1916ರಲ್ಲಿ, ಕೊರಳಲ್ಲಿ ಫಲಕ ಧರಿಸಿದ ಅಂಧ ಮಹಿಳೆಯ ಚಿತ್ರ ತೆಗೆದರು. ಅದೇ ವರ್ಷ ಸ್ಟಿಗ್ಲಿಟ್ಸ್ ತಮ್ಮ ಗ್ಯಾಲರಿಯಲ್ಲಿ ಅವರ ಪ್ರದರ್ಶನ ಏರ್ಪಡಿಸಿದರು. 1917ರ ಜೂನ್‌ನಲ್ಲಿ ಬಂದ 'ಕ್ಯಾಮೆರಾ ವರ್ಕ್' ಪತ್ರಿಕೆಯ ಕೊನೆಯ ಸಂಚಿಕೆಯ ಚಿತ್ರಗಳೆಲ್ಲ ಸ್ಟ್ರ್ಯಾಂಡರವೇ.

ಮಸುಕಿನ ಬಗ್ಗೆ ಆಕ್ಷೇಪಿಸಿದವರು ಒಂದು ಪ್ರಸಂಗದಲ್ಲಿ ಸೋತರು, ಇನ್ನೊಂದರಲ್ಲಿ ಗೆದ್ದರು. ವ್ಯತ್ಯಾಸ ಇರುವುದು ಆಕ್ಷೇಪದಲ್ಲಲ್ಲ, ನೋಡಿದ ರೀತಿಯಲ್ಲಿ. ಲಂಡನ್ನಿನವರು ನಿಯಮವನ್ನು ನೋಡಿದರು. ಸ್ಟಿಗ್ಲಿಟ್ಸ್ ಚಿತ್ರವನ್ನು ನೋಡಿದರು.

ಸ್ಟಿಗ್ಲಿಟ್ಸ್ ಸ್ವತಃ ಇಂಥದೊಂದು ಮಾತಿನ ಫಲಾನುಭವಿ. 1887ರಲ್ಲಿ ಇಂಗ್ಲೆಂಡಿನ 'ಅಮೆಚೂರ್ ಫೋಟೋಗ್ರಾಫರ್' ಪತ್ರಿಕೆಯ ಸ್ಪರ್ಧೆಯಲ್ಲಿ, ಇಟಲಿಯ ಹಳ್ಳಿಯೊಂದರಲ್ಲಿ ನಗುತ್ತಿದ್ದ ಮಕ್ಕಳ ಚಿತ್ರಕ್ಕೆ ಅವರಿಗೆ ಮೊದಲ ಬಹುಮಾನ ಬಂತು. ತೀರ್ಪುಗಾರ ಪಿ.ಎಚ್. ಎಮರ್ಸನ್ ಬಹುಮಾನ ಕೊಟ್ಟು ಸುಮ್ಮನಾಗಲಿಲ್ಲ. ಆ ಚಿತ್ರದ ಸಹಜತೆಯೇ ತಮ್ಮನ್ನು ಸೆಳೆಯಿತೆಂದು ತಿಳಿಸಿದರು. ಹೊಗಳಿಕೆಗೂ ಕಾರಣ ಬೇಕೆಂಬುದಕ್ಕೆ ಇದು ನಿದರ್ಶನ. ಕಾರಣವಿಲ್ಲದ ಹೊಗಳಿಕೆಯಿಂದ ಸಂತೋಷವಾಗುತ್ತದೆ. ಮುಂದಿನ ಸಲ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ.

ಅದೇ ಸ್ಟಿಗ್ಲಿಟ್ಸ್ ಜೊತೆ ನ್ಯೂಯಾರ್ಕ್ ಕ್ಲಬ್ಬಿನವರಿಗೆ ಹೊಂದಾಣಿಕೆಯಾಗಲಿಲ್ಲ ಎಂಬುದನ್ನೂ ಮರೆಯಬಾರದು. 1908ರಲ್ಲಿ ಕ್ಲಬ್ಬು ಅವರನ್ನು ಹೊರಹಾಕಿತು, ಮತ್ತೆ ಸೇರಿಸಿಕೊಂಡಿತು, ಅವರೇ ರಾಜೀನಾಮೆ ಕೊಟ್ಟು ಹೊರನಡೆದರು. ನೋಡುವ ಕಣ್ಣಿದ್ದ ಮಾತ್ರಕ್ಕೆ ಹತ್ತು ಜನರೊಡನೆ ಕೂಡಿ ನಡೆಯುವ ತಾಳ್ಮೆ ಬರುವುದಿಲ್ಲ. ಕೂಟಗಳಿಗೆ ಎರಡೂ ಬೇಕು.

ಅಂಕ ಮತ್ತು ಮಾತು

ಭಾರತದಲ್ಲಿ ಹವ್ಯಾಸಿ ಸಂಘಗಳನ್ನು ಒಂದುಗೂಡಿಸುವ ಒಕ್ಕೂಟ 1953ರಲ್ಲಿ ಡಾ. ಜಿ. ಥಾಮಸ್ ಅವರ ಪ್ರಯತ್ನದಿಂದ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ರಾಜ್ಯದ ಸಚಿವರೂ ಆಗಿದ್ದ ಎಂ.ವೈ. ಘೋರ್ಪಡೆ ಅವರಂಥವರಿಂದ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೇಶದ ಹೊರಗೂ ಹೆಸರು ಬಂತು. 2017ರಲ್ಲಿ ನಿಧನರಾದ ಪೆರುಮಾಳ್ ತಾವು ಓ.ಸಿ. ಎಡ್ವರ್ಡ್ಸ್ ಅವರಂಥ ಹಿರಿಯರ ಬಳಿ ಕಲಿತವರು. ಮುಂದೆ ಅನೇಕ ಕಿರಿಯರಿಗೆ ಕಲಿಸಿದವರು. ಈ ವಿದ್ಯೆ ಇಲ್ಲಿ ಹರಿದುಬಂದದ್ದು ಕಾಲೇಜುಗಳಿಂದಲ್ಲ, ಹಿರಿಯರೊಬ್ಬರು ಕಿರಿಯರ ಪ್ರಿಂಟನ್ನು ಕೈಗೆತ್ತಿಕೊಂಡು ನೋಡುವುದರಿಂದ.

ಇದರ ಜೊತೆಗೆ ಬೆಳೆದದ್ದು 'ಸಲೋನ್' ಎಂದು ಕರೆಯುವ ಸ್ಪರ್ಧಾ ಪ್ರದರ್ಶನಗಳು. ಇಲ್ಲಿ ಕೂದಲಿಗೆ ಕತ್ತರಿಯಿಲ್ಲ, ಚಿತ್ರಗಳಿಗೆ ಉಂಟು. ತೀರ್ಪುಗಾರರ ಮುಂದೆ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ತೆಗೆದವರ ಹೆಸರು ಅವರಿಗೆ ತಿಳಿಯದು. ಪ್ರತಿಯೊಬ್ಬರೂ ಅಂಕ ಕೊಡುತ್ತಾರೆ. ಒಟ್ಟು ಅಂಕ ಇಷ್ಟಾದರೆ ಸ್ವೀಕೃತ, ಇಲ್ಲವಾದರೆ ತಿರಸ್ಕೃತ. ಹೆಸರು ನೋಡದೆ ಕೆಲಸ ನೋಡುವ ಈ ಪದ್ಧತಿಯಲ್ಲಿ ನ್ಯಾಯವಿದೆ. ಆದರೆ ಅಂಕಕ್ಕೆ ಬಾಯಿಲ್ಲ. ಹದಿನೈದಕ್ಕೆ ಎಂಟು ಬಂದವನಿಗೆ ಉಳಿದ ಏಳು ಎಲ್ಲಿ ಹೋಯಿತೆಂದು ಯಾರೂ ಹೇಳುವುದಿಲ್ಲ. ಅವನು ಸುಲಭದ ದಾರಿ ಹಿಡಿಯುತ್ತಾನೆ: ಹೋದ ವರ್ಷ ಪದಕ ಗೆದ್ದ ಚಿತ್ರದಂಥದೇ ಇನ್ನೊಂದನ್ನು ತೆಗೆಯುತ್ತಾನೆ. ಅಂಕ ಹೇಳದ ಕಾರಣವನ್ನು ಹೇಳುವುದಕ್ಕೇ ತಿಂಗಳ ಕೂಟ ಇರುವುದು. ಕೂಟವೂ ಅಂಕದ ಭಾಷೆಯನ್ನೇ ಆಡಿದರೆ ಅದು ಇದ್ದೂ ಇಲ್ಲದಂತೆ.

ಹೇಳುವವರಿಗೆ

ಒಂದು ಕಲ್ಪಿತ ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡೋಣ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಬೆಳಗಿನ ಜಾವ. ಸೇವಂತಿಗೆ ರಾಶಿಯ ನಡುವೆ ಅಜ್ಜಿಯೊಬ್ಬಳು ಹೂ ಕಟ್ಟುತ್ತಿದ್ದಾಳೆ. ಮೇಲಿನಿಂದ ಒಂದು ಬಲ್ಬಿನ ಬೆಳಕು. ಅಜ್ಜಿಯ ಹಿಂದೆ ಒಂದು ಬಿಳಿ ಪ್ಲಾಸ್ಟಿಕ್ ಚೀಲ.

ಒಬ್ಬರು 'ತುಂಬಾ ಚೆನ್ನಾಗಿದೆ' ಎನ್ನುತ್ತಾರೆ. ಇನ್ನೊಬ್ಬರು 'ಅಜ್ಜಿ ನಟ್ಟನಡುವೆ ಕೂತಿದ್ದಾಳೆ, ಚೌಕಟ್ಟಿನ ಮೂರನೇ ಒಂದು ಭಾಗದಲ್ಲಿರಬೇಕಿತ್ತು' ಎನ್ನುತ್ತಾರೆ. ಮೂರನೆಯವರು ಸ್ವಲ್ಪ ಹೊತ್ತು ನೋಡಿ ಹೀಗೆನ್ನುತ್ತಾರೆ: 'ಮೊದಲು ಕಣ್ಣು ಹೋಗುವುದು ಹಿಂದಿನ ಬಿಳಿ ಚೀಲಕ್ಕೆ. ಅಲ್ಲಿಂದ ತಪ್ಪಿಸಿಕೊಂಡು ಅಜ್ಜಿಯ ಬೆರಳಿಗೆ ಬರಬೇಕಾಗುತ್ತದೆ. ಬೆರಳಿನ ಮೇಲೆ ಬಿದ್ದ ಬೆಳಕು ಎಷ್ಟು ಚೆಂದ ಇದೆ ನೋಡಿ. ತೋರಿಸಬೇಕೆಂದಿದ್ದದ್ದು ಆ ಬೆರಳುಗಳನ್ನೇ ಆದರೆ, ಒಂದು ಹೆಜ್ಜೆ ಎಡಕ್ಕೆ ಸರಿದಿದ್ದರೆ ಚೀಲ ಅಜ್ಜಿಯ ಹಿಂದೆ ಮರೆಯಾಗುತ್ತಿತ್ತು.'

ಮೂರನೆಯವರು ಮೊದಲು ತಮ್ಮ ಕಣ್ಣು ನಡೆದ ದಾರಿಯನ್ನು ವರದಿ ಮಾಡಿದರು. ಗೆದ್ದ ಜಾಗವನ್ನೂ ಸೋತ ಜಾಗವನ್ನೂ ತೋರಿಸಿದರು. ಚಿತ್ರ ತೆಗೆದವನ ಉದ್ದೇಶವನ್ನು ತಾವೇ ನಿರ್ಧರಿಸದೆ 'ಆದರೆ' ಎಂದು ಅವನಿಗೇ ಬಿಟ್ಟರು. 'ನೀನು' ಎಂಬ ಮಾತು ಎಲ್ಲೂ ಬರಲಿಲ್ಲ. ಮಾತೆಲ್ಲ ಚಿತ್ರದ ಬಗ್ಗೆಯೇ. ಸಂಗೀತ ಪಾಠ ಕಂಡವರಿಗೆ ಇದು ಹೊಸದಲ್ಲ. ಒಳ್ಳೆಯ ಗುರು 'ಹಾಡು ಸರಿಯಿಲ್ಲ' ಎಂದು ಬಿಡುವುದಿಲ್ಲ. ಯಾವ ಸ್ವರದಲ್ಲಿ ಜಾರಿತೋ ಅಲ್ಲೇ ನಿಲ್ಲಿಸುತ್ತಾರೆ.

ಇದಕ್ಕೆಲ್ಲ ಮೊದಲು ಬೇಕಾದದ್ದು ನೋಡುವ ವ್ಯವಧಾನ. ಹವ್ಯಾಸಿ ಕ್ಯಾಮೆರಾ ಕ್ಲಬ್ಬಿನಿಂದಲೇ ಬೆಳೆದುಬಂದ ಅಮೆರಿಕದ ಮೈನರ್ ವೈಟ್ ತಮ್ಮ ವಿದ್ಯಾರ್ಥಿಗಳಿಗೆ ಮಾತಿಗೆ ಮುನ್ನ ಚಿತ್ರದೆದುರು ಮೌನವಾಗಿ ಕೂರುವುದನ್ನು ಕಲಿಸುತ್ತಿದ್ದರು. ಒಂದು ನಿಮಿಷ ಸುಮ್ಮನೆ ನೋಡಿದರೆ ಆಡಬೇಕೆಂದಿದ್ದ ಅರ್ಧ ಮಾತುಗಳು ತಾವಾಗಿಯೇ ಉದುರಿಹೋಗುತ್ತವೆ.

ಕೇಳುವವರಿಗೆ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಛಾಯಾಗ್ರಾಹಕರಿಗೆಂದೇ ಹುಟ್ಟಿದಂತಿದೆ. ಬೆಟ್ಟ ಹತ್ತಿದ್ದು, ಚಳಿಯಲ್ಲಿ ಮೂರು ಗಂಟೆ ಕಾದದ್ದು, ಕಾಲಿಗೆ ಜಿಗಣೆ ಹತ್ತಿದ್ದು ಎಲ್ಲವೂ ತೆಗೆದವನಿಗೆ ಆ ಚಿತ್ರದಲ್ಲಿ ಕಾಣುತ್ತವೆ. ನೋಡುವವರಿಗೆ ಕಾಣುವುದು ಚೌಕಟ್ಟಿನ ಒಳಗಿರುವುದಷ್ಟೇ. ಪ್ರಿಂಟ್ ಇಟ್ಟಕೂಡಲೇ ಕತೆ ಆರಂಭಿಸುವವನು ತನಗೇ ಅನ್ಯಾಯ ಮಾಡಿಕೊಳ್ಳುತ್ತಾನೆ, ಏಕೆಂದರೆ ಆಮೇಲೆ ಎಲ್ಲರೂ ಆ ಕತೆಗೆ ಉತ್ತರಿಸುತ್ತಾರೆ, ಚಿತ್ರಕ್ಕಲ್ಲ. ಆದ್ದರಿಂದ ಮೊದಲು ಕೇಳಬೇಕು, ಬರೆದುಕೊಳ್ಳಬೇಕು, ವಿವರಣೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಹಾಗೆಂದು ಕೇಳಿದ್ದನ್ನೆಲ್ಲ ಪಾಲಿಸಬೇಕೆಂದಿಲ್ಲ. ಒಬ್ಬರಿಗೆ ಕಂಡ ತೊಂದರೆ ಅವರ ಅಭಿರುಚಿ ಇರಬಹುದು. ಮೂವರು ಬೇರೆಬೇರೆ ಮಾತಿನಲ್ಲಿ ಅದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆಯೆಂದೇ ಅರ್ಥ. ಪರಿಹಾರ ಅವರು ಹೇಳಿದ್ದೇ ಆಗಬೇಕಿಲ್ಲ. ಕ್ಯಾಮರನ್ ಮಾಡಿದ್ದೂ ಅದನ್ನೇ: ತಮ್ಮದಾದ ಆಯ್ಕೆಯನ್ನು ಉಳಿಸಿಕೊಂಡರು, ತಿಳಿಯದ ವಿಷಯವನ್ನು ಕೇಳಿ ತಿಳಿದುಕೊಂಡರು.

ಗೂಡಿನ ಪ್ರಶ್ನೆ

ಮಾತಿನ ಪರಿಣಾಮ ಚಿತ್ರ ತೆಗೆದವನ ಮೇಲೆ ಮಾತ್ರ ಆಗುತ್ತದೆ ಎಂದುಕೊಳ್ಳುವಂತಿಲ್ಲ. ಪಕ್ಷಿಗಳ ಚಿತ್ರ ತೆಗೆಯುವವರು ಹೆಚ್ಚಾಗಿರುವ ಕರ್ನಾಟಕದಲ್ಲಿ ಇದನ್ನು ಒತ್ತಿ ಹೇಳಬೇಕು. ದೂರದ ಲೆನ್ಸುಗಳು, ವೇಗದ ಫಿಲಂಗಳು ವಿರಳವಾಗಿದ್ದ ಕಾಲದಲ್ಲಿ ಗೂಡಿನ ಹತ್ತಿರ ಮರೆ ಕಟ್ಟಿ ಕೂರುವುದು ರೂಢಿಯಾಗಿತ್ತು. ಹಕ್ಕಿ ತಪ್ಪದೆ ಮರಳುವ ಜಾಗ ಅದೊಂದೇ. ಆದರೆ ನೋಟಕ್ಕೆ ಅಡ್ಡವೆಂದು ಕೊಂಬೆ ಸರಿಸಿದರೆ ಮರಿಗಳಿಗೆ ಬಿಸಿಲು ಬೀಳುತ್ತದೆ, ಕಾಗೆಗೆ ದಾರಿಯಾಗುತ್ತದೆ. ಹೆದರಿದ ತಾಯಿ ಗೂಡನ್ನೇ ಬಿಡುವುದೂ ಉಂಟು. ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ.

ಇಂಥ ಚಿತ್ರವೊಂದು ಕೂಟದಲ್ಲಿ ಬಂದಾಗ ಎಲ್ಲರೂ ಬಣ್ಣವನ್ನಷ್ಟೇ ಹೊಗಳಿದರೆ, ಮುಂದಿನ ತಿಂಗಳು ಇನ್ನಿಬ್ಬರು ಗೂಡು ಹುಡುಕಿಕೊಂಡು ಹೊರಡುತ್ತಾರೆ. 'ಇದನ್ನು ಹೇಗೆ ತೆಗೆದಿರಿ, ಎಷ್ಟು ದೂರದಲ್ಲಿದ್ದಿರಿ, ಆಮೇಲೆ ಹಕ್ಕಿ ಮರಳಿ ಬಂತೆ?' ಎಂದು ಒಬ್ಬರು ಮೆಲ್ಲಗೆ ಕೇಳಿದರೂ ಸಾಕು. ಈ ಪ್ರಶ್ನೆಯಲ್ಲಿ ಆರೋಪವಿಲ್ಲ. ಗೊತ್ತಿಲ್ಲದೆ ಮಾಡಿದವನಿಗೆ ತಿದ್ದಿಕೊಳ್ಳಲು ಅವಕಾಶವಿದೆ. ಮೌನ ಮಾತ್ರ ಇಲ್ಲಿ ಒಪ್ಪಿಗೆಯಾಗುತ್ತದೆ. ಅದರ ಬೆಲೆ ತೆರುವುದು ಮರಿಗಳು.

ಕ್ಯಾಮೆರಾ ಈಗ ಹೆಚ್ಚುಕಡಿಮೆ ಎಲ್ಲರ ಜೇಬಿನಲ್ಲಿದೆ. ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ. ಕುಳಿತು ನೋಡುವವರು ಕಡಿಮೆ. ಹತ್ತು ಜನ ಒಂದೇ ಚಿತ್ರವನ್ನು ಐದು ನಿಮಿಷ ನೋಡುವ ಕೋಣೆ ಎಲ್ಲಾದರೂ ಉಳಿದಿದ್ದರೆ ಅದು ಇಂಥ ಕೂಟಗಳಲ್ಲಿ. ಆರಂಭದಲ್ಲಿ ಹೇಳಿದ ಆ ಹೊಸಬ ಮುಂದಿನ ತಿಂಗಳೂ ಒಂದು ಪ್ರಿಂಟ್ ತರುತ್ತಾನೆ. ಯಾರಾದರೊಬ್ಬರು ಕುರ್ಚಿಯಿಂದೆದ್ದು ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು ನೋಡಿ, 'ಚೆನ್ನಾಗಿದೆ, ಏಕೆಂದರೆ...' ಎಂದು ಮಾತು ಆರಂಭಿಸಿದರೆ ಸಾಕು. ಅವನು ಅದರ ಮುಂದಿನ ತಿಂಗಳೂ ಬರುತ್ತಾನೆ.